ಬೋರ್ಡ್ ಇದೆ, ಲಾರಿಯೂ ಬರ್ತಿದೆ: ಭಾರೀ ವಾಹನ ನಿಷೇಧ ಎಲ್ಲಿ ಕೈಕೊಡುತ್ತೆ?

ಇದು ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತುಸು ತಿದ್ದಲಾಗಿದೆ.

ಬೈಕ್ ಓಡಿಸ್ತಾ ಕೇಳ್ತಿದ್ರೆ ಮಾತ್ರ ಒಂದು ವಿನಂತಿ: ದಯವಿಟ್ಟು ಪಾಸ್ ಮಾಡಿ, ಮನೆ ಸೇರಿದ ಮೇಲೆ ಕೇಳಿ. ಇವತ್ತಿನ ವಿಷಯ ಕೇಳಿದ್ರೆ ಯಾಕೆ ಹೀಗೆ ಹೇಳಿದೆ ಅಂತ ಗೊತ್ತಾಗುತ್ತೆ.

ನಮಗೆ ಬರೋ ವಾಯ್ಸ್ ನೋಟ್‌ಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತೆ. ಬೆಂಗಳೂರಿನ ಹೊರವಲಯದ ಬಡಾವಣೆ ಒಂದರಿಂದ ಬಂದದ್ದು ಹೀಗಿತ್ತು: "ನಮ್ಮ ರಸ್ತೆ ತುದಿಯಲ್ಲಿ ಭಾರೀ ವಾಹನಗಳಿಗೆ ಪ್ರವೇಶವಿಲ್ಲ ಅಂತ ಬೋರ್ಡ್ ಇದೆ. ಮಕ್ಕಳು ಸ್ಕೂಲಿಗೆ ಹೋಗೋ ಹೊತ್ತಲ್ಲೇ ಅದರ ಪಕ್ಕದಲ್ಲಿ ಟಿಪ್ಪರ್ ನುಗ್ಗುತ್ತೆ. ಪಾಲಿಕೆಗೆ ಹೇಳಿದ್ರೆ ಪೊಲೀಸರಿಗೆ ಹೇಳಿ ಅಂತಾರೆ, ಪೊಲೀಸರಿಗೆ ಹೇಳಿದ್ರೆ ಆರ್‌ಟಿಒಗೆ ಹೇಳಿ ಅಂತಾರೆ. ನಿಜವಾಗಿ ಇದು ಯಾರ ಕೆಲಸ?"

ಒಳ್ಳೆ ಪ್ರಶ್ನೆ. ಒಂದೇ ಸಾಲಿನಲ್ಲಿ ಉತ್ತರ ಬೇಕು ಅಂದ್ರೆ ಹೀಗೆ ಹೇಳ್ತೀನಿ: ಬೋರ್ಡ್ ಅನ್ನೋದು ಒಂದು ಸರಪಳಿಯ ಒಂದು ಕೊಂಡಿ ಅಷ್ಟೇ. ಅದರ ಹಿಂದೆ ಆದೇಶ ಇರಬೇಕು, ಮುಂದೆ ತಡೆಯೋ ಕೈ ಇರಬೇಕು, ಆ ಲಾರಿಗೆ ಹೋಗೋಕೆ ಬೇರೆ ದಾರಿ ಇರಬೇಕು. ನಿಮ್ಮ ಬೀದಿಯಲ್ಲಿ ಯಾವ ಕೊಂಡಿ ಕಳಚಿದೆ ಅಂತ ಗೊತ್ತಾದ್ರೆ ಮಾತ್ರ ದೂರಿಗೆ ಬಲ ಬರುತ್ತೆ. ಬನ್ನಿ, ಒಂದೊಂದೇ ಕೊಂಡಿ ನೋಡೋಣ.

ಮೊದಲು, ಯಾವುದು "ಭಾರೀ"?

ನಾವು ದೊಡ್ಡದಾಗಿ ಕಂಡಿದ್ದನ್ನೆಲ್ಲ ಹೆವಿ ವೆಹಿಕಲ್ ಅಂತೀವಿ. ಕಾನೂನಿನಲ್ಲಿ ಅದಕ್ಕೆ ಲೆಕ್ಕ ಇದೆ. ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಗಾಡಿ ಮತ್ತು ಸರಕಿನ ಒಟ್ಟು ಅನುಮತಿತ ತೂಕ 7,500 ಕೆ.ಜಿ. ಒಳಗಿದ್ರೆ ಲಘು ವಾಹನ. 12,000 ಕೆ.ಜಿ. ಮೀರಿದ್ರೆ ಭಾರೀ ಸರಕು ವಾಹನ. ನಡುವಿನದ್ದು ಮಧ್ಯಮ.

ಇದು ಯಾಕೆ ಮುಖ್ಯ? ನಿಮ್ಮ ಬೀದಿಗೆ ಬರೋ ನಾಲ್ಕು ಚಕ್ರದ ಸಣ್ಣ ಗೂಡ್ಸ್ ಗಾಡಿಗೆ "ಭಾರೀ ವಾಹನ ನಿಷೇಧ" ಅನ್ವಯಿಸಲ್ಲ. ಎಂ-ಸ್ಯಾಂಡ್ ತುಂಬಿದ ಹತ್ತು ಚಕ್ರದ ಟಿಪ್ಪರ್‌ಗೆ ಖಂಡಿತ ಅನ್ವಯಿಸುತ್ತೆ. ದೂರು ಕೊಡುವಾಗ "ಲಾರಿ ಬಂತು" ಅನ್ನೋದಕ್ಕಿಂತ "ಹತ್ತು ಚಕ್ರದ ಟಿಪ್ಪರ್ ಬಂತು" ಅಂದ್ರೆ ಅರ್ಧ ಕೆಲಸ ಅಲ್ಲೇ ಆಯ್ತು.

ಲಾರಿಯ ಅಪಾಯ ಬೇರೆಯೇ ತರದ್ದು

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದಲ್ಲಿ 1,68,491 ಜನ ರಸ್ತೆ ಅಪಘಾತದಲ್ಲಿ ಸತ್ತರು. ಅವರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು, ಹತ್ತಿರ ಹತ್ತಿರ ಶೇ 20ರಷ್ಟು ಮಂದಿ ನಡೆದು ಹೋಗ್ತಿದ್ದವರು. ಅಂದ್ರೆ ಸತ್ತ ಪ್ರತಿ ಹತ್ತು ಜನರಲ್ಲಿ ಆರಕ್ಕೂ ಹೆಚ್ಚು ಜನರ ಸುತ್ತ ಕಬ್ಬಿಣದ ಗೂಡೇ ಇರಲಿಲ್ಲ. ಇದು ಎಲ್ಲ ಥರದ ಅಪಘಾತ ಸೇರಿದ ಲೆಕ್ಕ. ಆದರೆ ಭಾರೀ ವಾಹನದ ಪಕ್ಕ ನಿಂತಾಗ ಈ ಅಸಮತೋಲ ಇನ್ನೂ ಹೆಚ್ಚು. ಅದಕ್ಕೆ ಮೂರು ಕಾರಣ.

ಒಂದು, ಕಣ್ಣಿಗೆ ಕಾಣದ ಜಾಗ, ಅಂದ್ರೆ ಬ್ಲೈಂಡ್ ಸ್ಪಾಟ್. ನಮ್ಮಲ್ಲಿ ಚಾಲಕ ಕೂರೋದು ಬಲಗಡೆ, ಅದೂ ಎತ್ತರದಲ್ಲಿ. ಬಾನೆಟ್‌ಗೆ ಅಂಟಿಕೊಂಡು ನಿಂತ ಚಿಕ್ಕ ಮಗು ಅವನಿಗೆ ಕಾಣಲ್ಲ. ಎಡ ಬಾಗಿಲಿನ ಕೆಳಗೆ ನಿಂತ ಸ್ಕೂಟರ್ ಕೂಡ ಕಾಣಲ್ಲ. ಕನ್ನಡಿ ಎಷ್ಟೇ ಇದ್ರೂ ಆ ಜಾಗ ಪೂರ್ತಿ ತುಂಬಲ್ಲ. ಸಿಗ್ನಲ್‌ನಲ್ಲಿ ಲಾರಿಯ ಎಡಕ್ಕೆ ನುಸುಳಿ ಮುಂದೆ ಹೋಗಿ ನಿಲ್ಲೋ ಅಭ್ಯಾಸ ನಮ್ಮಲ್ಲಿ ಎಷ್ಟು ಜನಕ್ಕಿದೆ, ಯೋಚನೆ ಮಾಡಿ.

ಎರಡು, ತಿರುವು. ಉದ್ದನೆ ಗಾಡಿ ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲೇ ಬರಲ್ಲ, ಒಳಕ್ಕೆ ಸರಿದು ಮೂಲೆಯನ್ನ ಕತ್ತರಿಸಿಕೊಂಡು ಬರುತ್ತೆ. ಲಾರಿಯ ಮುಂಭಾಗ ದಾಟಿ ಹೋಯ್ತಲ್ಲ ಅಂತ ಮೂಲೆಯಲ್ಲಿ ನಿಂತವರು ನಿರಾಳ ಆಗ್ತಾರೆ. ಅಪಾಯ ಇನ್ನೂ ಬರ್ತಾ ಇರುತ್ತೆ.

ಮೂರು, ಬ್ರೇಕ್. ದೊಡ್ಡ ಲಾರಿಯಲ್ಲಿರೋದು ಏರ್ ಬ್ರೇಕ್. ಪೆಡಲ್ ಒತ್ತಿದ ಮೇಲೆ ಗಾಳಿಯ ಒತ್ತಡ ಹಿಂದಿನ ಚಕ್ರದವರೆಗೆ ತಲುಪೋಕೆ ಒಂದು ಕ್ಷಣ ಬೇಕು. ಆಮೇಲೆ ಅಷ್ಟು ಟನ್ ತೂಕ ನಿಲ್ಲಬೇಕು. ಅಡ್ಡ ಬಂದವರಿಗೆ ಆ ಕ್ಷಣವೇ ಎಲ್ಲ.

ಇದರ ಜೊತೆ ಇನ್ನೊಂದು ಸಂಗತಿ ತುಂಬ ಜನಕ್ಕೆ ಗೊತ್ತಿಲ್ಲ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಅಧಿಸೂಚನೆ ಪ್ರಕಾರ ನಗರ ಪ್ರದೇಶದ ರಸ್ತೆಗಳಲ್ಲಿ ಸರಕು ವಾಹನದ ಗರಿಷ್ಠ ವೇಗ ಗಂಟೆಗೆ 60 ಕಿ.ಮೀ. ಸ್ಥಳೀಯವಾಗಿ ಕಡಿಮೆ ಮಾಡಬಹುದು, ಮಾಡದಿದ್ರೆ ಕಾಗದದ ಮೇಲೆ ಇರೋದು ಅದೇ ಮಿತಿ. 2020ರ ಸ್ಟಾಕ್‌ಹೋಮ್ ಘೋಷಣೆ, ನಡೆಯೋರು ಮತ್ತು ವಾಹನಗಳು ಒಂದೇ ಕಡೆ ಬೆರೆಯೋ ರಸ್ತೆಗಳಿಗೆ 30 ಕಿ.ಮೀ. ಮಿತಿ ಇರಬೇಕು ಅಂತ ಹೇಳಿತ್ತು. 60ಕ್ಕೂ 30ಕ್ಕೂ ಎರಡು ಪಟ್ಟು ವ್ಯತ್ಯಾಸ ಅಂತ ಕಾಣುತ್ತೆ. ಆದರೆ ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ಹಾಗಾಗಿ ಅದು ನಾಲ್ಕು ಪಟ್ಟು.

ರಸ್ತೆಗೂ ನೋವಾಗುತ್ತೆ

ಹೊಸ ಡಾಂಬರು ಹಾಕಿದ ಬೀದಿ ಆರೇ ತಿಂಗಳಿಗೆ ಕಿತ್ತು ಹೋದ್ರೆ ನಾವು ಗುತ್ತಿಗೆದಾರನನ್ನ ಬೈತೀವಿ. ಕೆಲವು ಸಲ ಅದು ನ್ಯಾಯವೇ. ಆದರೆ ಇನ್ನೊಂದು ಲೆಕ್ಕವೂ ಇದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪರೀಕ್ಷಾ ರಸ್ತೆಗಳನ್ನ ಕಟ್ಟಿ, ಅದರ ಮೇಲೆ ಲಾರಿಗಳನ್ನ ಸತತವಾಗಿ ಓಡಿಸಿ ನೋಡಿದ್ರು. ಅದರಿಂದ ಬಂದ ಅಂದಾಜು ಸೂತ್ರ ಇಷ್ಟು: ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದ್ರೆ ರಸ್ತೆಗೆ ಆಗೋ ಹಾನಿ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ಎಂಜಿನಿಯರ್‌ಗಳು ಇದನ್ನ ನಾಲ್ಕನೇ ಘಾತದ ನಿಯಮ ಅಂತಾರೆ.

ಕಾರಿನ ಒಂದು ಆಕ್ಸಲ್ ಮೇಲೆ ಒಂದು ಟನ್, ಲಾರಿಯ ಒಂದು ಆಕ್ಸಲ್ ಮೇಲೆ ಹತ್ತು ಟನ್ ಅಂತಿಟ್ಕೊಳ್ಳಿ. ಆ ಲಾರಿ ಆಕ್ಸಲ್ ಒಂದು ಸಲ ಹೋದ್ರೆ ಕಾರಿನ ಆಕ್ಸಲ್ ಹತ್ತು ಸಾವಿರ ಸಲ ಹೋದಂಗೆ. ಬರೀ ಶೇ 20ರಷ್ಟು ಓವರ್‌ಲೋಡ್ ಮಾಡಿದ್ರೂ ಹಾನಿ ಹೆಚ್ಚುಕಮ್ಮಿ ದುಪ್ಪಟ್ಟು. ಬಡಾವಣೆ ಒಳಗಿನ ರಸ್ತೆ ಈ ಭಾರಕ್ಕೆ ಅಂತ ಕಟ್ಟಿದ್ದೇ ಅಲ್ಲ. ಗುಂಡಿ ಬಿದ್ದ ಮೇಲೆ ಅದನ್ನ ತಪ್ಪಿಸೋಕೆ ಹೋಗಿ ಜಾರಿ ಬೀಳೋದು ಬೈಕ್‌ನವರು. ಹಾಗಾಗಿ ರಸ್ತೆ ಹಾಳಾಗೋದು, ಜೀವಕ್ಕೆ ಅಪಾಯ ಆಗೋದು, ಇವೆರಡೂ ಒಂದೇ ಕಥೆಯ ಎರಡು ಪುಟ.

ಆದೇಶ ಹುಟ್ಟೋದು ಎಲ್ಲಿ?

ಈಗ ಸರಪಳಿಯ ಮೊದಲ ಕೊಂಡಿಗೆ ಬರೋಣ. ಮೋಟಾರು ವಾಹನ ಕಾಯ್ದೆಯ ಕಲಂ 115 ಇದರ ತಾಯಿಬೇರು. ಸಾರ್ವಜನಿಕ ಸುರಕ್ಷತೆಗಾಗಿ, ಅನುಕೂಲಕ್ಕಾಗಿ, ಅಥವಾ ರಸ್ತೆ ಇಲ್ಲವೇ ಸೇತುವೆಯ ಸ್ಥಿತಿಯ ಕಾರಣಕ್ಕೆ ಯಾವುದೇ ಬಗೆಯ ವಾಹನವನ್ನ ಒಂದು ರಸ್ತೆಯಲ್ಲಿ ಅಥವಾ ಪ್ರದೇಶದಲ್ಲಿ ನಿರ್ಬಂಧಿಸೋ ಅಧಿಕಾರ ಇದರಲ್ಲಿದೆ. ಅಧಿಕಾರ ರಾಜ್ಯ ಸರ್ಕಾರದ್ದು, ಅಥವಾ ಅದು ಅಧಿಕಾರ ಕೊಟ್ಟವರದ್ದು. ಕರ್ನಾಟಕದಲ್ಲಿ ಬೆಂಗಳೂರು, ಮೈಸೂರು, ಮಂಗಳೂರಿನಂಥ ಕಮಿಷನರೇಟ್ ಇರೋ ಊರುಗಳಲ್ಲಿ ಪೊಲೀಸ್ ಕಮಿಷನರ್, ಉಳಿದ ಕಡೆ ಜಿಲ್ಲಾಧಿಕಾರಿ ಇಂಥ ಆದೇಶ ಹೊರಡಿಸ್ತಾರೆ.

ಪತ್ರಿಕೆಯಲ್ಲಿ ಈ ಕಲಂ ಹೆಸರಿಲ್ಲದೆ ನೀವು ಇದನ್ನ ಎಷ್ಟೋ ಸಲ ಓದಿದ್ದೀರಿ. 2009ರಲ್ಲಿ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಲ್ಲಿಸಿದ್ದು ಆಗಿನ ಚಾಮರಾಜನಗರ ಜಿಲ್ಲಾಧಿಕಾರಿಯ ಆದೇಶ. 2019ರ ಆಗಸ್ಟ್‌ನಲ್ಲಿ ಭೂಕುಸಿತ ಆದ ಮೇಲೆ ಚಾರ್ಮಾಡಿ ಘಾಟಿಯಲ್ಲಿ ಭಾರೀ ವಾಹನಗಳನ್ನ ತಡೆದದ್ದೂ ಜಿಲ್ಲಾಧಿಕಾರಿಗಳೇ. ಮಳೆಗಾಲ ಬಂತು ಅಂದ್ರೆ ಕೊಡಗಿನಲ್ಲಿ, ಮಲೆನಾಡಿನಲ್ಲಿ ಇಂಥ ಆದೇಶ ಬರೋದು ಈಗ ಮಾಮೂಲಿ.

ಇದರಲ್ಲಿ ಎರಡು ಸಣ್ಣ ಅಕ್ಷರದ ನಿಯಮಗಳಿವೆ, ಗಮನ ಇಡಿ. ಮೊದಲನೇದು, ನಿರ್ಬಂಧ ಒಂದು ತಿಂಗಳು ಮೀರಿ ಇರಬೇಕಾದ್ರೆ ರಾಜ್ಯಪತ್ರದಲ್ಲಿ, ಅಂದ್ರೆ ಗೆಜೆಟ್‌ನಲ್ಲಿ, ಅಧಿಸೂಚನೆ ಬರಬೇಕು. ಒಂದು ತಿಂಗಳೊಳಗಿನದ್ದಾದ್ರೆ ಸ್ಥಳೀಯ ಪ್ರಚಾರ ಸಾಕು. ಎರಡನೇದು, ಸರಿಯಾದ ಜಾಗದಲ್ಲಿ ಸಂಚಾರ ಫಲಕ ಹಾಕಲೇಬೇಕು.

ಹಾಗಾಗಿ ಬೋರ್ಡ್‌ಗಳಲ್ಲೂ ಎರಡು ಜಾತಿ. ಕೆಂಪು ಅಂಚಿನ ವೃತ್ತದೊಳಗೆ ಲಾರಿಯ ಚಿತ್ರ ಇರೋದು ಕಾನೂನಿನ ಫಲಕ. ವೃತ್ತಾಕಾರ ಅಂದ್ರೆ "ಪಾಲಿಸಲೇಬೇಕು", ತ್ರಿಕೋನ ಅಂದ್ರೆ "ಹುಷಾರು". ಇನ್ನೊಂದು, ನಿವಾಸಿಗಳ ಸಂಘ ತನ್ನ ಖರ್ಚಲ್ಲಿ ಹಾಕಿಸಿದ ಫ್ಲೆಕ್ಸ್. ಅದರ ಹಿಂದಿರೋ ಕಾಳಜಿ ನಿಜ, ಆದರೆ ಆದೇಶ ಇಲ್ಲದಿದ್ರೆ ಅದರ ಆಧಾರದ ಮೇಲೆ ದಂಡ ಹಾಕೋಕಾಗಲ್ಲ. ಪೊಲೀಸರು "ನೋಡ್ತೀವಿ" ಅಂತ ಹೇಳಿ ಸುಮ್ಮನಾಗೋದರ ಹಿಂದೆ ಕೆಲವು ಸಲ ಸೋಮಾರಿತನ ಇರಲ್ಲ, ಆದೇಶವೇ ಇರಲ್ಲ.

ಹಾಗಾದ್ರೆ ಪಾಲಿಕೆ ಏನು ಮಾಡುತ್ತೆ?

ಇಲ್ಲೇ ಎಲ್ಲರಿಗೂ ಗೊಂದಲ. ರಸ್ತೆ ಪಾಲಿಕೆಯದ್ದು, ಹಾಗಾಗಿ ರಸ್ತೆಯಲ್ಲಿ ಓಡೋ ಲಾರಿಯನ್ನ ತಡೆಯೋದೂ ಪಾಲಿಕೆ ಅಂತ ನಾವು ಅಂದ್ಕೋತೀವಿ. ಓಡೋ ವಾಹನಕ್ಕೆ ಚಾಲನ್ ಬರೆಯೋದು ಸಂಚಾರ ಪೊಲೀಸರು. ಅವರು ಬರೋದು ಗೃಹ ಇಲಾಖೆ ಕೆಳಗೆ. ತೂಕ, ಪರ್ಮಿಟ್, ಫಿಟ್‌ನೆಸ್, ಲೈಸೆನ್ಸ್ ನೋಡೋದು ಸಾರಿಗೆ ಇಲಾಖೆ, ನಾವು ಆರ್‌ಟಿಒ ಅನ್ನೋದು. ಮರಳು, ಜಲ್ಲಿ, ಎಂ-ಸ್ಯಾಂಡ್ ಸಾಗಾಟಕ್ಕೆ ಪರವಾನಗಿ ಕೊಡೋದು ಗಣಿ ಮತ್ತು ಭೂವಿಜ್ಞಾನ ಇಲಾಖೆ. ಒಂದೇ ಟಿಪ್ಪರ್, ನಾಲ್ಕು ಕಚೇರಿ.

ಆದರೂ ಪಾಲಿಕೆಯ ಕೈ ಖಾಲಿ ಇಲ್ಲ. ಫುಟ್‌ಪಾತ್, ರಸ್ತೆ ಉಬ್ಬು, ಬೀದಿದೀಪ, ಮೂಲೆಯ ವಿನ್ಯಾಸ, ಮಕ್ಕಳು ದಾಟೋ ಜಾಗ ಎಲ್ಲ ಅದರದ್ದೇ. ಕಟ್ಟಡ ನಕ್ಷೆಗೆ ಅನುಮತಿ ಕೊಡೋದೂ ಅದೇ. ನಿಮ್ಮ ಬೀದಿಗೆ ಟಿಪ್ಪರ್ ಸುಮ್ಮನೆ ಬರಲ್ಲ. ಎಲ್ಲೋ ಪಾಯ ತೋಡ್ತಿದ್ದಾರೆ, ಮಣ್ಣು ಹೊರಗೆ ಹೋಗ್ತಿದೆ, ಕಾಂಕ್ರೀಟ್ ಒಳಗೆ ಬರ್ತಿದೆ. ಲಾರಿಯ ಹಿಂದೆ ಹೋದ್ರೆ ಒಂದು ಕಟ್ಟಡ ಸಿಗುತ್ತೆ, ಕಟ್ಟಡದ ಹಿಂದೆ ಒಂದು ಅನುಮತಿ ಪತ್ರ ಸಿಗುತ್ತೆ.

ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಐದು ನಗರ ಪಾಲಿಕೆಗಳಿವೆ. ಹಾಗಾಗಿ ಮೊದಲು ನಿಮ್ಮ ಬೀದಿ ಯಾವ ಪಾಲಿಕೆಗೆ ಸೇರಿದೆ ಅಂತ ಖಚಿತ ಮಾಡ್ಕೊಳ್ಳಿ. ಸಂಚಾರ ಪೊಲೀಸ್ ಠಾಣೆಯ ಗಡಿ ಬೇರೆ, ಕಾನೂನು ಸುವ್ಯವಸ್ಥೆ ಠಾಣೆಯ ಗಡಿ ಬೇರೆ ಅನ್ನೋದೂ ನೆನಪಿರಲಿ.

ದಂಡ ಇದೆ, ಹಿಡಿಯೋದೇ ಕಷ್ಟ

2019ರ ತಿದ್ದುಪಡಿ ಆದ ಮೇಲೆ ಕಲಂ 194ರಲ್ಲಿ ದೊಡ್ಡ ಮೊತ್ತವೇ ಇದೆ. ಮಿತಿ ಮೀರಿ ತೂಕ ಹೇರಿದ್ರೆ, ಅಥವಾ ಕಲಂ 115ರ ನಿರ್ಬಂಧ ಮುರಿದ್ರೆ 20,000 ರೂಪಾಯಿ. ಹೆಚ್ಚುವರಿ ತೂಕದ ಪ್ರತಿ ಟನ್‌ಗೆ ಮತ್ತೆ 2,000 ರೂಪಾಯಿ. ಹೆಚ್ಚಿನ ಸರಕು ಇಳಿಸೋವರೆಗೆ ಗಾಡಿ ಮುಂದೆ ಹೋಗೋ ಹಾಗಿಲ್ಲ. ಸ್ಥಳದಲ್ಲೇ ಕಟ್ಟಿ ಮುಗಿಸೋ ಮೊತ್ತವನ್ನ ರಾಜ್ಯ ಸರ್ಕಾರ ಬೇರೆಯಾಗಿ ಗೊತ್ತುಪಡಿಸಬಹುದು, ಹಾಗಾಗಿ ರಸೀದಿಯಲ್ಲಿ ಬೇರೆ ಅಂಕಿ ಕಾಣಬಹುದು. ಇನ್ನೊಂದು ಮುಖ್ಯ ವಿಷಯ: ಈ ಕಲಂ ಓಡಿಸಿದವರಿಗೆ ಮಾತ್ರ ಅಲ್ಲ, ಓಡಿಸೋಕೆ ಬಿಟ್ಟವರಿಗೂ ಅನ್ವಯಿಸುತ್ತೆ. ಅಂದ್ರೆ ಮಾಲೀಕನೂ ಇದರೊಳಗೆ ಬರ್ತಾನೆ.

"ಎಲ್ಲ ಕಡೆ ಕ್ಯಾಮೆರಾ ಇದೆಯಲ್ಲ, ಅದೇ ಹಿಡೀಲಿ" ಅಂತ ನೀವು ಕೇಳಬಹುದು. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗಳಲ್ಲಿ ಸ್ವಯಂಚಾಲಿತ ಕ್ಯಾಮೆರಾ ವ್ಯವಸ್ಥೆ ಶುರುವಾಯ್ತು. ಹೆಲ್ಮೆಟ್ ಇಲ್ಲ, ಸಿಗ್ನಲ್ ಜಂಪ್, ಸ್ಟಾಪ್ ಲೈನ್ ದಾಟಿದ್ದು, ಇಂಥವನ್ನ ಫೋಟೊ ನೋಡಿಯೇ ಹೇಳಬಹುದು. ಲಾರಿ ನಿಷೇಧ ಹಾಗಲ್ಲ. ಈ ಹೊತ್ತಿಗೆ ನಿರ್ಬಂಧ ಇದೆಯಾ? ಇದು 12 ಟನ್ ಮೀರಿದ ಗಾಡಿಯಾ? ವಿನಾಯಿತಿ ಇರೋ ಸರಕು ಇದೆಯಾ? ಒಳಗೆ ಎಷ್ಟು ತೂಕ ಇದೆ? ತೂಕದ ಪ್ರಶ್ನೆಗಂತೂ ಮಾಮೂಲಿ ಕ್ಯಾಮೆರಾ ಹತ್ರ ಉತ್ತರ ಇಲ್ಲ, ಗಾಡಿಯನ್ನ ವೇ ಬ್ರಿಡ್ಜ್ ಮೇಲೆ ನಿಲ್ಲಿಸಬೇಕು. ಮೇಲಾಗಿ ಕ್ಯಾಮೆರಾ ಇರೋದು ದೊಡ್ಡ ಜಂಕ್ಷನ್‌ನಲ್ಲಿ, ಟಿಪ್ಪರ್ ನುಗ್ಗೋದು ನಿಮ್ಮ ಒಳರಸ್ತೆಯಲ್ಲಿ.

ನಿಷೇಧಿಸಿದ ಲಾರಿ ಎಲ್ಲಿಗೆ ಹೋಗುತ್ತೆ?

ನನ್ನ ಪ್ರಕಾರ ಇಡೀ ವಿಷಯದ ತಿರುಳು ಇದು. ನಿಷೇಧ ಹಾಕಿದ ತಕ್ಷಣ ಲಾರಿ ಮಾಯ ಆಗಲ್ಲ. ಬೇರೆ ಹೊತ್ತಿಗೆ ಬರುತ್ತೆ, ಇಲ್ಲ ಬೇರೆ ಬೀದಿಗೆ ಬರುತ್ತೆ.

ಪೀಣ್ಯ ಮೇಲ್ಸೇತುವೆ ನೆನಪಿದೆಯಾ? 2021ರ ಡಿಸೆಂಬರ್ 25ರಂದು, ಸೇತುವೆಯೊಳಗಿನ ಕೇಬಲ್‌ಗಳಲ್ಲಿ ದೋಷ ಕಂಡಿದ್ದರಿಂದ ಎಲ್ಲ ವಾಹನಗಳನ್ನೂ ನಿಲ್ಲಿಸಿದ್ರು. 2022ರ ಫೆಬ್ರುವರಿಯಲ್ಲಿ ಲಘು ವಾಹನಗಳಿಗೆ ತೆರೆದ್ರು. ಭಾರೀ ವಾಹನಗಳಿಗೆ ಮತ್ತೆ ದಾರಿ ಸಿಕ್ಕಿದ್ದು 2024ರ ಜುಲೈ ಕೊನೆಯಲ್ಲಿ, ಅದೂ ಶುಕ್ರವಾರ ಬಿಟ್ಟು. ಎರಡೂವರೆ ವರ್ಷ. ಸೇತುವೆಯ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರ, ಅದರಲ್ಲಿ ಅನುಮಾನ ಬೇಡ. ಆದರೆ ತುಮಕೂರು ಕಡೆಯಿಂದ ಬರೋ ಲಾರಿಗಳು ನಿಲ್ಲಲಿಲ್ಲ. ಸೇತುವೆ ಕೆಳಗಿನ ರಸ್ತೆಗೆ ಇಳಿದ್ವು, ಅಂದ್ರೆ ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್ ಕಡೆಯ ಜನ ನಡೆಯೋ, ದಾಟೋ, ಬಸ್ ಹಿಡಿಯೋ ರಸ್ತೆಗೆ.

ಹೊತ್ತಿನ ನಿರ್ಬಂಧದಲ್ಲೂ ಹೀಗೇ. ಬೆಳಿಗ್ಗೆ, ಸಂಜೆ ಪೀಕ್ ಅವರ್‌ನಲ್ಲಿ ಲಾರಿಗೆ ಪ್ರವೇಶ ಇಲ್ಲ ಅಂದ್ರೆ, ಊರ ಹೊರಗೆ ಲಾರಿಗಳು ಸಾಲಾಗಿ ಕಾಯ್ತಾವೆ. ಗಡುವು ಮುಗಿದ ಕೂಡಲೇ ಎಲ್ಲ ಒಟ್ಟಿಗೆ ಹೊರಡ್ತಾವೆ. ಗಡುವು ಶುರುವಾಗೋ ಮುಂಚೆ ಒಂದು ಟ್ರಿಪ್ ಮುಗಿಸೋಣ ಅಂತ ಇನ್ನೊಂದಿಷ್ಟು ಓಡ್ತಾವೆ. ಟಿಪ್ಪರ್ ಚಾಲಕರಲ್ಲಿ ಅನೇಕರಿಗೆ ಸಂಬಳ ಟ್ರಿಪ್ ಲೆಕ್ಕದಲ್ಲಿ. ಒಂದು ಟ್ರಿಪ್ ಕಮ್ಮಿಯಾದ್ರೆ ಮನೆಗೆ ಹೋಗೋ ದುಡ್ಡು ಕಮ್ಮಿ. ರೆಡಿಮಿಕ್ಸ್ ಕಾಂಕ್ರೀಟ್ ಗಾಡಿಗೆ ಮತ್ತೊಂದು ಗಡಿಯಾರ ಇದೆ: ಭಾರತೀಯ ಮಾನಕದ ಪ್ರಕಾರ, ತುಂಬಿದ ಎರಡು ಗಂಟೆಯೊಳಗೆ ಕಾಂಕ್ರೀಟ್ ಸುರಿಯಬೇಕು. ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಹೋದ್ರೆ ಉಳಿದ ದಾರಿಯಲ್ಲಿ ಆತುರ ಸಹಜ. 2025ರವರೆಗೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961 ದಿನಕ್ಕೆ ಎಂಟು ಗಂಟೆ ಕೆಲಸ ಅಂತಿತ್ತು. ರಾತ್ರಿಯಿಡೀ ಓಡಿಸಿ ಹಗಲು ಹೆದ್ದಾರಿ ಬದಿಯ ಬಿಸಿಲಲ್ಲಿ ನಿದ್ದೆ ಮಾಡೋಕೆ ಒದ್ದಾಡೋ ಚಾಲಕನನ್ನ ಕೇಳಿ ನೋಡಿ, ಆ ಎಂಟು ಗಂಟೆ ಎಲ್ಲಿದೆ ಅಂತ. 2025ರ ಅಕ್ಟೋಬರ್‌ನಿಂದ ತಯಾರಾಗೋ ಹೊಸ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಮಾಡಿದ್ದಾರೆ. ಒಳ್ಳೆಯದೇ, ಆದರೆ ರಸ್ತೆಯಲ್ಲಿರೋ ಹಳೇ ಗಾಡಿಗಳಿಗೆ ಅದು ಅನ್ವಯಿಸಲ್ಲ.

ಇದನ್ನ ಹೇಳ್ತಿರೋದು ಚಾಲಕರ ಪರ ವಕಾಲತ್ತು ಮಾಡೋಕಲ್ಲ. ಅವಸರ ಎಲ್ಲಿ ಹುಟ್ಟುತ್ತೆ ಅಂತ ಗೊತ್ತಾಗದೆ ಅವಸರ ನಿಲ್ಲಿಸೋಕಾಗಲ್ಲ, ಅದಕ್ಕೆ.

ಇನ್ನು ವಿನಾಯಿತಿ. ಹಾಲು, ತರಕಾರಿ, ಗ್ಯಾಸ್, ನೀರಿನ ಟ್ಯಾಂಕರ್, ಕಸದ ಲಾರಿ ಇಂಥ ಅಗತ್ಯ ಸೇವೆಗಳನ್ನ ಸಾಮಾನ್ಯವಾಗಿ ನಿಷೇಧದಿಂದ ಹೊರಗೆ ಇಡ್ತಾರೆ. ಇಡಲೇಬೇಕು. ಆದರೆ ಅವೂ ಭಾರೀ ವಾಹನಗಳೇ. 2022ರ ಮಾರ್ಚ್‌ನಲ್ಲಿ ಹೆಬ್ಬಾಳದಲ್ಲಿ ರಸ್ತೆ ದಾಟ್ತಿದ್ದ ಶಾಲಾ ಬಾಲಕಿಯೊಬ್ಬಳು ಪಾಲಿಕೆಯ ಕಸದ ಲಾರಿಗೆ ಸಿಕ್ಕಿ ಸತ್ತಳು. ಪಾದಚಾರಿ ಅಂಡರ್‌ಪಾಸ್‌ನಲ್ಲಿ ಮಳೆ ನೀರು ನಿಂತಿತ್ತು, ಅದಕ್ಕೇ ರಸ್ತೆ ಮೇಲೆಯೇ ದಾಟಬೇಕಾಯ್ತು ಅಂತ ಆಗ ವರದಿಯಾಗಿತ್ತು. ಒಮ್ಮೆ ಯೋಚನೆ ಮಾಡಿ. ಖಾಸಗಿ ಲಾರಿಗಳ ಮೇಲಿನ ಯಾವ ನಿಷೇಧವೂ ಆ ಮಗುವನ್ನ ಉಳಿಸ್ತಿರಲಿಲ್ಲ. ನೀರಿಲ್ಲದ ಒಂದು ಅಂಡರ್‌ಪಾಸ್ ಉಳಿಸ್ತಿತ್ತೇನೋ.

ಬೇರೆ ಊರಲ್ಲಿ ಹೇಗೆ?

ಹೋಲಿಕೆಗೆ ಲಂಡನ್ ನೋಡೋಣ, ಯಾಕಂದ್ರೆ ಅಲ್ಲಿ ಈ ಕೆಲಸ ನಿಜಕ್ಕೂ ಸ್ಥಳೀಯ ಆಡಳಿತದ್ದು. 1985ರ ಒಂದು ಆದೇಶದ ಮೇಲೆ ನಿಂತ ವ್ಯವಸ್ಥೆ ಅದು. 18 ಟನ್ ಮೀರಿದ ಲಾರಿ ರಾತ್ರಿ ಮತ್ತು ವಾರಾಂತ್ಯದಲ್ಲಿ ಗೊತ್ತುಪಡಿಸಿದ ಮುಖ್ಯ ರಸ್ತೆ ಬಿಟ್ಟು ಒಳಗೆ ಬರಬೇಕಾದ್ರೆ ಅನುಮತಿ ಪಡೆದಿರಬೇಕು. ತಪ್ಪಿದ್ರೆ ದಂಡದ ನೋಟಿಸ್ ಕಳಿಸೋದು ಅಲ್ಲಿನ ಕೌನ್ಸಿಲ್‌ಗಳ ಒಕ್ಕೂಟ, ಪೊಲೀಸರಲ್ಲ. ಒಂದು ತಮಾಷೆ ಗಮನಿಸಿ: ಅವರು ಜನರ ನಿದ್ದೆ ಕಾಪಾಡೋಕೆ ರಾತ್ರಿ ಲಾರಿ ತಡೀತಾರೆ, ನಾವು ಹಗಲಿನ ಟ್ರಾಫಿಕ್ ಕಾಪಾಡೋಕೆ ಲಾರಿಗಳನ್ನ ರಾತ್ರಿಗೆ ತಳ್ತೀವಿ.

ಅದಕ್ಕಿಂತ ಮುಖ್ಯವಾದದ್ದು ಅವರ ಇನ್ನೊಂದು ನಿಯಮ. 12 ಟನ್ ಮೀರಿದ ಲಾರಿಯ ಕ್ಯಾಬಿನ್‌ನಿಂದ ಚಾಲಕನಿಗೆ ಎಷ್ಟು ನೇರವಾಗಿ ಕಾಣುತ್ತೆ ಅನ್ನೋದಕ್ಕೆ ಸ್ಟಾರ್ ಕೊಡ್ತಾರೆ. 2024ರ ಅಕ್ಟೋಬರ್‌ನಿಂದ ಮೂರು ಸ್ಟಾರ್ ಇರಬೇಕು, ಇಲ್ಲದಿದ್ರೆ ಕ್ಯಾಮೆರಾ, ಸೆನ್ಸರ್‌ನಂಥ ಹೆಚ್ಚುವರಿ ಸಾಧನ ಇರಬೇಕು. ಅಂದ್ರೆ ಅವರು "ಲಾರಿ ಬರಬೇಡ" ಅಂತ ಮಾತ್ರ ಹೇಳ್ತಿಲ್ಲ, "ಬರೋದಾದ್ರೆ ಕಣ್ಣು ಸರಿ ಇಟ್ಕೊಂಡು ಬಾ" ಅಂತಲೂ ಹೇಳ್ತಿದ್ದಾರೆ.

ನಮ್ಮಲ್ಲೂ ಹಾಗೆ ಮಾಡಬಹುದಾದ ಜಾಗ ಇದೆ. ಲಾರಿಯ ಪಕ್ಕದಲ್ಲಿ, ಹಿಂದೆ ಹಾಕೋ ಕಬ್ಬಿಣದ ತಡೆಪಟ್ಟಿ, ಅಂದ್ರೆ ಬೈಕ್ ಚಕ್ರದಡಿ ಸೇರದ ಹಾಗೆ ತಡೆಯೋದು, ನಮ್ಮ ವಾಹನ ನಿಯಮಗಳಲ್ಲಿ ಈಗಾಗಲೇ ಇದೆ. ಟಿಪ್ಪರ್‌ಗೆ 60 ಕಿ.ಮೀ. ಮೀರದ ವೇಗ ನಿಯಂತ್ರಕ ಇರಬೇಕು ಅಂತಲೂ ಇದೆ. ನಿಮ್ಮ ರಸ್ತೆಯಲ್ಲಿ ಹೋಗೋ ಟಿಪ್ಪರ್‌ನ ಪಕ್ಕಕ್ಕೆ ಒಮ್ಮೆ ಕಣ್ಣು ಹಾಯಿಸಿ. ಪಟ್ಟಿ ಇದೆಯಾ, ಚಕ್ರ ಹಾಗೇ ತೆರೆದಿದೆಯಾ ಅಂತ ನಿಮಗೇ ಕಾಣುತ್ತೆ.

ನೀವು ಏನು ಮಾಡಬಹುದು?

ಕೊನೆಗೆ ಕೈಗೆ ಬರೋ ಮಾತು. ನಾನು ಹೇಳೋ ಕ್ರಮ ಹೀಗಿದೆ.

1. ಒಂದು ವಾರ ಬರೆದಿಡಿ. ದಿನಾಂಕ, ಹೊತ್ತು, ಎಷ್ಟು ಚಕ್ರ, ಏನು ಸರಕು, ಯಾವ ಕಡೆಯಿಂದ ಯಾವ ಕಡೆಗೆ. "ಯಾವಾಗಲೂ ಬರುತ್ತೆ" ಅನ್ನೋ ದೂರು ಯಾರಿಗೂ ಉಪಯೋಗ ಇಲ್ಲ. "ಬೆಳಿಗ್ಗೆ 8ರಿಂದ 9ರೊಳಗೆ ದಿನಕ್ಕೆ ಆರು ಟಿಪ್ಪರ್" ಅಂದ್ರೆ ಇನ್‌ಸ್ಪೆಕ್ಟರ್ ಯಾವಾಗ ಬಂದು ನಿಲ್ಲಬೇಕು ಅಂತ ಅವರಿಗೆ ಗೊತ್ತಾಗುತ್ತೆ.

2. ಆದೇಶ ಇದೆಯಾ ಕೇಳಿ. ಸಂಚಾರ ಪೊಲೀಸ್ ಠಾಣೆಯಲ್ಲಿ ಕೇಳಿ, ಸಿಗದಿದ್ರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಬರಬೇಕು. ಅಧಿಸೂಚನೆಯ ಪ್ರತಿ ಕೇಳಿ. ಇದ್ರೆ ಅದೇ ನಿಮ್ಮ ಅಸ್ತ್ರ. ಇಲ್ಲದಿದ್ರೆ ಕಲಂ 115ರ ಅಡಿ ಆದೇಶ ಮಾಡಿ ಅಂತ ಕಮಿಷನರ್‌ಗೆ ಅಥವಾ ಜಿಲ್ಲಾಧಿಕಾರಿಗೆ ಮನವಿ ಕೊಡಿ. ಶಾಲೆಯ ಹೊತ್ತು ಯಾವುದು ಅಂತ ಅದರಲ್ಲೇ ಬರೀರಿ.

3. ಲಾರಿ ಎಲ್ಲಿಂದ ಬರುತ್ತೆ ಪತ್ತೆ ಮಾಡಿ. ಕಟ್ಟಡ ಕಾಮಗಾರಿ ಆದ್ರೆ ಅದರ ಮ್ಯಾನೇಜರ್ ಜೊತೆ ಮೊದಲು ಮಾತಾಡಿ. ಶಾಲೆಯ ಹೊತ್ತಲ್ಲಿ ಒಂದೂವರೆ ಗಂಟೆ ಬಿಡುವು, ಗೇಟ್ ಹತ್ರ ಬಾವುಟ ಹಿಡಿದ ಒಬ್ಬ ಮನುಷ್ಯ, ರಿವರ್ಸ್ ತಗೊಳ್ಳುವಾಗ ಹಿಂದೆ ನಿಲ್ಲೋ ಕ್ಲೀನರ್. ಇಷ್ಟನ್ನ ಒಪ್ಪಿಸೋಕೆ ಎಷ್ಟೋ ಸಲ ಯಾವ ಇಲಾಖೆಯೂ ಬೇಕಾಗಲ್ಲ. ಒಪ್ಪದಿದ್ರೆ ಪಾಲಿಕೆಯ ಎಂಜಿನಿಯರ್‌ಗೆ ಬರೆದು ಕೊಡಿ.

4. ಉಲ್ಲಂಘನೆ ಕಂಡ್ರೆ ಫೋಟೊ ಕಳಿಸಿ. ಬೆಂಗಳೂರಿನಲ್ಲಿ 2015ರಲ್ಲಿ ಪಬ್ಲಿಕ್ ಐ ಆ್ಯಪ್ ಇದಕ್ಕೇ ಅಂತ ಬಂತು, ಈಗ ಸಂಚಾರ ಪೊಲೀಸರ ಅಸ್ತ್ರಂ ಆ್ಯಪ್ ಇದೆ. ನಂಬರ್ ಪ್ಲೇಟ್, ಫಲಕ ಎರಡೂ ಒಂದೇ ಫೋಟೊದಲ್ಲಿ ಬಂದ್ರೆ ಉತ್ತಮ. ಜೀವಕ್ಕೆ ಅಪಾಯ ಇರೋ ಹಾಗೆ ಓಡಿಸ್ತಿದ್ರೆ 112ಕ್ಕೆ ಕರೆ ಮಾಡಿ.

5. ಪಾಲಿಕೆಗೆ ಬೇರೆ ಪಟ್ಟಿ ಕೊಡಿ. ಉಬ್ಬು, ಜೀಬ್ರಾ, ದೀಪ, ನಡೆಯೋಕೆ ಫುಟ್‌ಪಾತ್. ನಿಷೇಧ ಪಾಲಿಸೋ ಲಾರಿ, ಪಾಲಿಸದ ಲಾರಿ, ವಿನಾಯಿತಿ ಇರೋ ಲಾರಿ, ಮೂರರಿಂದಲೂ ಕಾಪಾಡೋದು ಇವೇ.

ಒಂದು ಮಾತ್ರ ಮಾಡಬೇಡಿ. ರಸ್ತೆಗೆ ಇಳಿದು ಲಾರಿಗೆ ಅಡ್ಡ ನಿಲ್ಲಬೇಡಿ, ಕೀ ಕಿತ್ತುಕೊಳ್ಳಬೇಡಿ, ಬೈಕ್‌ನಲ್ಲಿ ಬೆನ್ನಟ್ಟಿ ವಿಡಿಯೊ ಮಾಡಬೇಡಿ. ಚಾಲಕನಿಗೆ ಕಾಣದ ಜಾಗ ಎಲ್ಲಿದೆ ಅಂತ ಈಗ ನಿಮಗೆ ಗೊತ್ತು.

ನಾವೆಲ್ಲ ಒಂದು ವಿಷಯ ಒಪ್ಪಿಕೊಳ್ಳಬೇಕು. ನಮ್ಮ ಮನೆ ಕಟ್ಟೋಕೆ ಬಂದ ಟಿಪ್ಪರ್ ನಮಗೆ ಅಗತ್ಯ, ಪಕ್ಕದ ಮನೆಗೆ ಬಂದದ್ದು ಕಾಟ. ಊರು ಬೆಳೆಯೋವರೆಗೆ ಲಾರಿ ಬರುತ್ತೆ. ಅದು ಯಾವ ಹೊತ್ತಿಗೆ, ಯಾವ ದಾರಿಯಲ್ಲಿ, ಎಷ್ಟು ವೇಗದಲ್ಲಿ, ಎಷ್ಟು ತೂಕ ಹೊತ್ತು ಬರಬೇಕು ಅನ್ನೋದನ್ನ ನಿರ್ಧರಿಸೋದು ಆಡಳಿತ. ಆ ನಿರ್ಧಾರ ನಿಮ್ಮ ಬೀದಿಯಲ್ಲಿ ಆಗಿದೆಯಾ, ಅಥವಾ ಬೋರ್ಡ್ ಮಾತ್ರ ನಿಂತಿದೆಯಾ ಅಂತ ಕೇಳೋ ಹಕ್ಕು ನಿಮ್ಮದು.

ನಿಮ್ಮ ಊರಲ್ಲಿ ಈ ಸರಪಳಿಯ ಯಾವ ಕೊಂಡಿ ಕಳಚಿದೆ? ಎಲ್ಲಾದ್ರೂ ಅದನ್ನ ಜೋಡಿಸಿದ್ದೀರಾ? ಒಂದು ನಿಮಿಷದ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೆಲವನ್ನ ಕೇಳಿಸ್ತೀನಿ. ಸಿಗ್ನಲ್‌ನಲ್ಲಿ ಲಾರಿ ಎಡಕ್ಕೆ ನುಸುಳಬೇಡಿ, ಹಿಂದೆಯೇ ನಿಲ್ಲಿ.